ಕೆನ್ನೆಯ ಕೆಂಪು

ಟಗರಿಗೆ ನಾನು ಹೆದರಿದವಳಲ್ಲ. ಪಾದ್ರಿಗೂ ಹೆದರಿದವಳಲ್ಲ, ಕುಡಿದು ಬಂದು ಬಾಗಿಲು ಒದೆಯುತ್ತಿದ್ದ ನನ್ನ ಚಿಕ್ಕಪ್ಪನಿಗೂ ಹೆದರಿದವಳಲ್ಲ. ಆದರೆ ಲೀಟ್ರಿಮ್ ಸೀಮೆಯ ಈ ಬೆಟ್ಟದ ಮನೆಗೆ ಫಿಂಟನ್‌ನ ಹೆಂಡತಿಯಾಗಿ ಬಂದ ಮೇಲೆ ಎರಡಕ್ಕೆ ಹೆದರುವುದನ್ನು ಕಲಿತೆ. ಒಂದು ನಮ್ಮತ್ತೆ ಡೀಲಿಯಾ. ಇನ್ನೊಂದು ನಮ್ಮತ್ತೆಯ ಒಲೆ.

ಒಲೆ ಎಂದರೆ ಎತ್ತಿ ಆಚೆ ಇಡುವಂಥ ಸಾಮಾನಲ್ಲ. ಅಡುಗೆಮನೆಯ ಅರ್ಧ ಗೋಡೆಯನ್ನು ತಿಂದು ಕೂತ ಬೀಡುಕಬ್ಬಿಣದ ಕರೀ ದೇಹ ಅದು. ಎಡಕ್ಕೆ ಬೆಂಕಿಯ ಗೂಡು. ಬಲಕ್ಕೆ ಬ್ರೆಡ್ಡು, ಮಾಂಸ ಬೇಯುವ ಮೇಲಿನ ಓವನ್. ಅದರ ಕೆಳಗೆ ಬರೀ ಬೆಚ್ಚಗಿರುವ ಚಿಕ್ಕ ಓವನ್. ಮೇಲೆ ಸದಾ ಗುಂಯ್‌ಗುಡುವ ಕೆಟಲ್, ಮುಂದಿನ ಸರಳಿನ ಮೇಲೆ ಸದಾ ಯಾರದೋ ಒದ್ದೆ ಕಾಲುಚೀಲ. ಬೇಯಿಸುವುದು ಮಾತ್ರ ಅದರ ಕೆಲಸವಾಗಿರಲಿಲ್ಲ. ಸ್ನಾನದ ನೀರು ಅದರದು, ಇಸ್ತ್ರಿಯ ಬಿಸಿ ಅದರದು, ನೆನೆದ ನಾಯಿ ಒಣಗುವುದು ಅದರ ಕಾಲ ಬುಡದಲ್ಲಿ. ವಸಂತದಲ್ಲಿ ಕುರಿ ಈಯುವ ಕಾಲ ಬಂದರೆ ಅರೆಜೀವದ ಮರಿಗಳಿಗೂ ಅದೇ ಗತಿ.

ಹಿಮದಲ್ಲಿ ಹುಟ್ಟಿ ಸೆಟೆದುಹೋದ ಮರಿಯನ್ನು ಚಿಕ್ಕ ಓವನ್‌ನಲ್ಲಿ, ಬಾಗಿಲು ತೆರೆದಿಟ್ಟು, ಹಳೇ ಟವಲಿನ ಮೇಲೆ ಮಲಗಿಸುತ್ತೇವೆ. ಆಗಾಗ ಬೆರಳನ್ನು ಅದರ ಬಾಯಿಗಿಟ್ಟು ನೋಡುತ್ತೇವೆ. ಬಾಯಿ ತಣ್ಣಗಿದ್ದು ವಸಡು ಬಿಳಿಚಿದ್ದರೆ ಆಸೆ ಬಿಡಬೇಕು. ವಸಡಿಗೆ ಕೆಂಪು ಬಂತೋ, ಮರಿ ಉಳಿಯಿತು, ಇನ್ನೇನು ನಿಮ್ಮ ಬೆರಳನ್ನೇ ಮೊಲೆಯೆಂದು ಚೀಪಲು ಶುರುಮಾಡುತ್ತದೆ. ಕೆಂಪು ಎಂದರೆ ಜೀವ. ಈ ಬೆಟ್ಟದಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತು. ನಾವು ಸಾವಿನ ಹತ್ತಿರ ಹೋದದ್ದು ಹೀಗೆ ಗೊತ್ತಿದ್ದುದರಿಂದಲೇ.

ಅತ್ತೆಯೂ ಒಲೆಯೂ ಈ ಮನೆಗೆ ಬಂದದ್ದು ಒಂದೇ ವರ್ಷ. ಅಂದು ಹಚ್ಚಿದ ಬೆಂಕಿ ಆರಿರಲಿಲ್ಲ. ಮಲಗುವ ಮುಂಚೆ ಅತ್ತೆ ಕೆಂಡವನ್ನು ಬೂದಿಯಿಂದ ಮುಚ್ಚಿ, ಒಲೆ ಕಾಯುವ ಸಂತ ಬ್ರಿಜಿಡ್‌ಳ ಹೆಸರು ಹೇಳಿ, ಹೊಗೆಯ ದಾರಿಯ ಹಿಡಿಯನ್ನು ಅರ್ಧಕ್ಕೆಳೆದು, ಮಗುವಿಗೆ ಹೊದಿಸಿದಂತೆ ಸುತ್ತ ಕಣ್ಣಾಡಿಸಿ ಹೋಗುತ್ತಿದ್ದರು. ಬೆಳಿಗ್ಗೆ ಬೂದಿ ಕೆದಕಿದರೆ ಅದೇ ಬೆಂಕಿ. ಮಾವ ಸತ್ತ ದಿನ ಗಡಿಯಾರ ನಿಲ್ಲಿಸಿದರು, ಕನ್ನಡಿಗೆ ಬಟ್ಟೆ ಹಾಕಿದರು, ಬೆಂಕಿಯನ್ನು ಮಾತ್ರ ಮುಟ್ಟಲಿಲ್ಲ. ಒಲೆ ಆರಿದ ಮನೆ ಎಂದು ನಮ್ಮಲ್ಲಿ ಯಾರನ್ನಾದರೂ ಅಂದರೆ ಅದು ಬೈಗುಳ.

ಆ ಮಾರ್ಚ್ ತಿಂಗಳಲ್ಲಿ ಬೆಂಕಿಗೂಡಿನೊಳಗಿನ ಇಟ್ಟಿಗೆ ಬಿರಿಯಿತು. ಕಬ್ಬಿಣದ ಪಕ್ಕೆ ಕೆಂಪಗಾಗತೊಡಗಿತು. ರಿಪೇರಿಗೆ ಬಂದವನು ಪೂರಾ ತಣಿಸದೆ ಕೈ ಹಾಕುವುದಿಲ್ಲ ಎಂದ. ಹೊಸ ಇಟ್ಟಿಗೆ ಪಟ್ಟಣದಿಂದ ಬರಬೇಕಿತ್ತು, ಬರುವುದು ಈಸ್ಟರ್ ದಾಟುವ ಲಕ್ಷಣವಿತ್ತು. ಅತ್ತೆ ಮೂರು ಹೊತ್ತೂ ಅವನನ್ನು ಶಪಿಸಿ, ಕೊನೆಗೆ ತಗಡಿನ ಬಕೆಟ್ಟಿಗೆ ಕೆಂಡ ತುಂಬಿಕೊಂಡು ಇಳಿಜಾರಿನ ಕೆಳಗಿನ ನೆರೆಮನೆ ಅಟ್ರ್ಯಾಕ್ಟಾಳ ಒಲೆಗೆ ಸುರಿದು ಬಂದರು. ಬೆಂಕಿಯನ್ನು ನೆಂಟರ ಮನೆಗೆ ಬಿಟ್ಟುಬಂದ ಹಾಗೆ. ಆಮೇಲೆ ದಿನವೂ ಹೋಗಿ ನೋಡಿ ಬರುತ್ತಿದ್ದರು.

“ಹೆಂಗಿದಾಳೆ ನಿಮ್ಮ ಮಗಳು?” ಎಂದು ಫಿಂಟನ್ ಅಣಕಿಸುತ್ತಿದ್ದ.

“ನಗು, ನಗು. ಆ ಅಟ್ರ್ಯಾಕ್ಟಾ ಒದ್ದೆ ಸೌದೆ ಹಾಕ್ತಾಳೆ ಕಣೋ. ನನ್ನ ಬೆಂಕಿ ಸೊರಗ್ಹೋಗಿದೆ.”

ನನಗೆ ನಗುವಷ್ಟು ಮನಸ್ಸಿರಲಿಲ್ಲ. ನಮ್ಮ ಮಗಳು ಕೀವಾಗೆ ಆಗ ನಾಲ್ಕು ವರ್ಷ. ಚಳಿಗಾಲವಿಡೀ ನಾಯಿಕೆಮ್ಮಿನಲ್ಲಿ ಬೆಂದು, ಎದೆಗೂಡು ಮಾತ್ರ ಉಳಿದಿತ್ತು. ಕೆಮ್ಮು ಬಿಟ್ಟಿತ್ತು, ಆದರೆ ಡಾಕ್ಟರು ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದ್ದರು: “ಬೆಚ್ಚಗಿಡಿ. ಚಳಿಗಾಳಿಗೆ ಒಡ್ಡಬೇಡಿ. ಇನ್ನೊಂದ್ಸಲ ಎದೆ ಕಟ್ಟಿದ್ರೆ ನನ್ನ ಕೈಲಿ ಏನೂ ಇಲ್ಲ ನೂಲಾ.” ಒಲೆ ತಣ್ಣಗಿದ್ದ ಆ ದಿನಗಳಲ್ಲಿ ಗ್ಯಾಸಿನ ಪುಟ್ಟ ಒಲೆಯ ಮೇಲೆ ಗಂಜಿ ಕುದಿಸುತ್ತ, ಮಗುವಿಗೆ ಕೋಟಿನ ಮೇಲೆ ಕೋಟು ತೊಡಿಸುತ್ತ, ರಾತ್ರಿ ಅವಳ ಉಸಿರು ಎಣಿಸುತ್ತ ಕಳೆದೆ. ಹಗಲಲ್ಲಿ ಅವಳು ಕಿಟಕಿಗೆ ಮೂಗು ಒತ್ತಿ ಕೂತಿರುತ್ತಿದ್ದಳು.

“ಅಮ್ಮಾ, ಕಾಗೆ ಕೋಲು ತಗೊಂಡ್ ಬಂತು. ಇನ್ನೊಂದೂ ತಂತು.”

“ತರ್ಲಿ ಬಿಡು. ಅವಕ್ಕೂ ಮನೆ ಬೇಡ್ವಾ?” ಎಂದೆ ನಾನು.

ಕತ್ತು ಬೂದಿ ಬಣ್ಣದ ಆ ಜಾಕ್‌ಡಾ ಕಾಗೆಗಳು ಎಲ್ಲಿ ಮನೆ ಕಟ್ಟುತ್ತಿವೆಯೆಂದು ನಾನು ನೋಡಲಿಲ್ಲ. ಬೇರೆ ಮನೆಯವರಾಗಿದ್ದರೆ ನೋಡುತ್ತಿದ್ದರು. ಬೇಸಿಗೆಯಲ್ಲಿ ಒಲೆ ಆರಿಸುವ ಮನೆಗಳಲ್ಲಿ ಚಿಮಣಿಗೆ ತಂತಿಬಲೆ ಹಾಕುತ್ತಾರೆ, ಹಚ್ಚುವ ಮುಂಚೆ ಒಳಗೆ ಬ್ರಷ್ ಆಡಿಸುತ್ತಾರೆ. ನಮ್ಮ ಮನೆಯ ಚಿಮಣಿಯಲ್ಲಿ ಹಕ್ಕಿ ಕೂತ ನೆನಪು ಯಾರಿಗೂ ಇರಲಿಲ್ಲ. ಎಂದೂ ಆರದ ಬೆಂಕಿಯ ಮೇಲೆ ಯಾವ ಹಕ್ಕಿ ಗೂಡು ಕಟ್ಟುತ್ತದೆ?

ಇಟ್ಟಿಗೆ ಕೂರಿಸಿದ ಮರುದಿನ ಬೆಳಿಗ್ಗೆ ಅತ್ತೆ ಬಕೆಟ್ಟಿನಲ್ಲಿ ಬೆಂಕಿಯನ್ನು ಮನೆಗೆ ಕರೆತಂದರು. ಈಶಾನ್ಯದ ಗಾಳಿ, ಹಿಮ ಬೆರೆತ ಮಳೆ, ಅಂಗಳದಲ್ಲಿ ನಿಂತರೆ ಕಿವಿ ಹರಿದುಹೋಗುವ ಚಳಿ. ಹಿಂದಿನ ದಿನದಿಂದ ಕುರಿಗಳು ಒಂದರ ಹಿಂದೊಂದು ಈಯುತ್ತಿದ್ದವು, ಫಿಂಟನ್ ಬೆಟ್ಟದ ಮೇಲೆಯೇ ಇದ್ದ. ಕೆಂಡ ಹಾಕಿ ಸೌದೆಯಿಟ್ಟೊಡನೆ ಒಲೆ ಭುಸ್ಸೆಂದು ನಮ್ಮ ಮುಖಕ್ಕೇ ಹೊಗೆ ಉಗುಳಿತು.

“ಮುನಿಸ್ಕೊಂಡಿದೆ. ಇಷ್ಟು ದಿನ ಒಂಟಿಯಾಗಿ ಬಿಟ್ಟಿದ್ವಲ್ಲ,” ಎಂದರು ಅತ್ತೆ. “ಈ ಗಾಳಿಗೆ ಅದು ಯಾವಾಗ್ಲೂ ಹಿಂಗೇನೇ. ಬಿಸಿಯಾದ್ಮೇಲೆ ಸರಿಹೋಗುತ್ತೆ.”

ನಿಜವಾಗಿಯೂ ಸರಿಹೋಯಿತು ಅಂದುಕೊಂಡೆವು. ಸೌದೆ ಉರಿದು, ಅದರ ಮೇಲೆ ಕಲ್ಲಿದ್ದಲು ಸುರಿದಾಗ ಹೊಗೆ ನಿಂತಿತು. ಜ್ವಾಲೆಯಿಲ್ಲದೆ ಮಂಕಾಗಿ ಕೆಂಪಗೆ ಕೂತಿತು ಬೆಂಕಿ. ಆ ಕಬ್ಬಿಣದಿಂದ ಕಾವು ಹೊರಟು ನನ್ನ ಮೊಣಕಾಲಿಗೆ ತಗುಲಿದಾಗ ಅಳುವೇ ಬಂತು. ಇನ್ನು ನನ್ನ ಮಗು ಉಳಿಯಿತು ಎನಿಸಿತು. ಒಲೆಯ ಪಕ್ಕದ ಉದ್ದ ಬೆಂಚಿನ ಮೇಲೆ ಕೀವಾಳನ್ನು ಮಲಗಿಸಿದೆ. ಬಾಗಿಲ ಸಂದಿಗೆ ಹಳೇ ಗೋಣಿ ತುರುಕಿದೆ, ಕಿಟಕಿಯ ಬಿರುಕಿಗೆ ಪೇಪರು ಮಡಚಿ ಸಿಕ್ಕಿಸಿದೆ. ಒಂದು ಎಳೆ ಗಾಳಿ ಒಳಗೆ ಬರದಂತೆ ನಾನೇ, ಈ ಕೈಯಿಂದಲೇ, ಆ ಕೋಣೆಯನ್ನು ಮುಚ್ಚಿದೆ.

ಅತ್ತೆ ಹಿಟ್ಟು ಕಲಸುತ್ತ ಸತ್ತವರ ಸುದ್ದಿ ತೆಗೆದರು. ಅವರಿಗೆ ಖುಷಿಯಾದರೆ ಸತ್ತವರ ಸುದ್ದಿಯೇ.

“ಗಿಲ್ರಾಯ್ ಅಣ್ಣತಮ್ಮಂದಿರನ್ನ ನೀನು ನೋಡಿಲ್ಲ ಅಲ್ವಾ? ಮಳೆ ಒಳಗೆ ಬೀಳುತ್ತೆ ಅಂತ ಚಿಮಣಿ ಬಾಯಿಗೇ ಹೆಂಚು ಮುಚ್ಚಿದ ಮಹಾ ಬುದ್ಧಿವಂತರು. ಮಾರನೇ ದಿನ ನೋಡಿದ್ರೆ ಇಬ್ರೂ ಕುರ್ಚೀಲಿ ಕೂತ ಹಾಗೇ ಹೋಗಿದ್ರು. ಹೊಗೆ ಅಲ್ಲ ಕಣೇ, ಕಣ್ಣಿಗೇ ಕಾಣದ ಕೆಟ್ಟ ಗಾಳಿ ಅದು. ಆದ್ರೆ ಆ ಹೆಣದ ಬಣ್ಣ ನೀನು ನೋಡ್ಬೇಕಿತ್ತು ನೂಲಾ! ಕೆನ್ನೆ ಅಂದ್ರೆ ಸೇಬು. ಬದುಕಿದ್ದಾಗ ಹಂಗಿದ್ದಿದ್ರೆ ಯಾರಾದ್ರೂ ಮದ್ವೆ ಆಗ್ತಿದ್ರು.”

ನಾನು ನಕ್ಕೆ. ತಲೆ ಆಗಲೇ ಸಣ್ಣಗೆ ನೋಯುತ್ತಿತ್ತು. ನಿದ್ದೆಗೆಟ್ಟದ್ದಕ್ಕೆ ಇರಬೇಕೆಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಫಿಂಟನ್ ಎರಡು ಮರಿಗಳನ್ನು ಕೋಟಿನೊಳಗೆ ಹಾಕಿಕೊಂಡು ಬಂದ. ಹೊಸ್ತಿಲಲ್ಲೇ ನಿಂತು ಚಹಾ ಸುರಿದುಕೊಂಡು, “ಇನ್ನೊಂದು ಕುರಿ ಒದ್ದಾಡ್ತಿದೆ,” ಎಂದು ಹೊರಟುಹೋದ. ಒಂದು ಮರಿಯನ್ನು ಚಿಕ್ಕ ಓವನ್‌ನಲ್ಲಿಟ್ಟೆ, ಇನ್ನೊಂದನ್ನು ಒಲೆಯ ಮುಂದಿನ ರಟ್ಟಿನ ಪೆಟ್ಟಿಗೆಯಲ್ಲಿ. ಆಮೇಲೆ ಕೊಟ್ಟಿಗೆಗೆ ಹೋಗಿ ಹಸುವಿಗೆ ಹುಲ್ಲು ಹಾಕಿದೆ. ಆ ಕೊರೆಯುವ ಚಳಿಯಲ್ಲಿ ನನ್ನ ತಲೆನೋವು ಹಗುರಾಯಿತು. ಅಡುಗೆಮನೆಗೆ ಮರಳಿದೊಡನೆ ಮತ್ತೆ ಹಿಡಿದುಕೊಂಡಿತು. ಅತ್ತೆಯ ಮುಖ ನೋಡಿಯೇ ತಲೆ ನೋಯುತ್ತದೆ ಎಂದು ಒಳಗೊಳಗೇ ಬೈದುಕೊಂಡೆ.

“ಅಮ್ಮಾ, ತಲೆ ನೋವು,” ಎಂದಳು ಕೀವಾ. ಹೇಳುತ್ತಿದ್ದಂತೆ ಕಂಬಳಿಯ ಮೇಲೆ ವಾಂತಿ ಮಾಡಿಕೊಂಡಳು.

ಹಣೆ ಮುಟ್ಟಿದೆ, ಜ್ವರವಿರಲಿಲ್ಲ. ಎದೆಗೆ ಕಿವಿಯಿಟ್ಟೆ, ಗೊರಗೊರ ಇರಲಿಲ್ಲ. ಆದರೂ ಮತ್ತೆ ಬಂತು, ಅದೇ ಬಂತು, ಎಂದು ತಲೆಯೊಳಗೆ ಒಂದೇ ಸಮನೆ ಬಡಿಯುತ್ತಿತ್ತು. ಫೋನಿಲ್ಲ, ಡಾಕ್ಟರಿಲ್ಲ, ಹೊರಗೆ ದಾರಿಯೇ ಕಾಣದ ಹಿಮ.

“ಚಳಿ ಹೊಡ್ದಿದೆ ಅಷ್ಟೇ,” ಎಂದರು ಅತ್ತೆ. ಅವರ ದನಿ ದಪ್ಪಗಾಗಿತ್ತು. “ಇನ್ನಷ್ಟು ಕಲ್ಲಿದ್ದಲು ಹಾಕು. ಬೆಚ್ಚಗಾದ್ರೆ ಸರಿಹೋಗ್ತಾಳೆ.”

ಹಾಕಿದೆ. ದೇವರೇ, ನಾನೇ ಹಾಕಿದೆ.

ಬ್ರೆಡ್ಡು ತೆಗೆಯುವ ಹೊತ್ತು ಯಾವಾಗಲೋ ದಾಟಿತ್ತು. ಓವನ್ ತೆರೆದರೆ ಅದು ಹಸಿ ಹಿಟ್ಟಿನ ಬಣ್ಣದಲ್ಲೇ ಕೂತಿತ್ತು, ಮೇಲೆ ಕೊಯ್ದ ಶಿಲುಬೆ ಗುರುತು ಕೂಡ ಅರಳಿರಲಿಲ್ಲ. ಅತ್ತೆಯ ಒಲೆಯಲ್ಲಿ ಬ್ರೆಡ್ಡು ಬಿಳಿ ಉಳಿದದ್ದನ್ನು ನಾನು ಕಂಡೇ ಇರಲಿಲ್ಲ. ಬೆಂಕಿಗೆ ಉಸಿರಿಲ್ಲ ಎಂಬ ಮಾತು ಮನಸ್ಸಿಗೆ ಬಂದು ಹೋಯಿತು. ಯೋಚನೆಗಳು ನಿಲ್ಲುತ್ತಿರಲಿಲ್ಲ, ಜಾರಿಕೊಂಡು ಹೋಗುತ್ತಿದ್ದವು. ಅತ್ತೆಗೆ ತೋರಿಸಲು ತಿರುಗಿದೆ. ಅವರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಹಗಲಲ್ಲಿ ಅವರು ತೂಕಡಿಸಿದ್ದನ್ನೂ ನಾನು ಕಂಡಿರಲಿಲ್ಲ.

ಅವರು ಕಣ್ಣು ಬಿಟ್ಟು ಬೆಂಚಿನ ಕಡೆ ನೋಡಿ ನಕ್ಕರು. “ನೋಡೇ, ನಾನು ಹೇಳ್ಲಿಲ್ವಾ? ಮಗು ಕೆನ್ನೆಗೆ ಬಣ್ಣ ಬಂತು.”

ಹೌದು. ಚಳಿಗಾಲವಿಡೀ ಮೇಣದ ಬತ್ತಿಯ ಬಣ್ಣದಲ್ಲಿದ್ದ ಕೆನ್ನೆಗಳು ಗುಲಾಬಿಯಾಗಿದ್ದವು. ತುಟಿ ಕೂಡ ಕೆಂಪಗಿತ್ತು. ಗಾಢ ನಿದ್ದೆ. ನನಗಾದ ಸಂತೋಷ ಹೇಳತೀರದು. ಎದ್ದು ಕುಣಿಯೋಣ ಎಂದರೆ ಕಾಲಿನಲ್ಲಿ ಬಲವಿರಲಿಲ್ಲ. ಕುಣಿಯುವ ಬದಲು ಮಂಡಿಯೂರಿ, ಮರಿಗಳನ್ನಾದರೂ ನೋಡೋಣವೆಂದು ಚಿಕ್ಕ ಓವನ್‌ನೊಳಗೆ ಕೈ ಹಾಕಿದೆ.

ಬಾಯಿ ಬೆಚ್ಚಗಿತ್ತು. ತುಟಿ ಎತ್ತಿ ನೋಡಿದೆ, ವಸಡು ರಾಸ್ಪ್‌ಬೆರಿ ಜಾಮಿನಷ್ಟು ಕೆಂಪು. ಇಷ್ಟು ಒಳ್ಳೆಯ ಬಣ್ಣವನ್ನು ಯಾವ ಮರಿಯಲ್ಲೂ ಕಂಡಿರಲಿಲ್ಲ. ಬೆರಳನ್ನು ನಾಲಗೆಯ ಮೇಲಿಟ್ಟು ಕಾದೆ. ಚೀಪಲಿಲ್ಲ. ಅಂಗುಳನ್ನು ಕೆರೆದೆ. ಚೀಪಲಿಲ್ಲ. ದವಡೆ ಸಡಿಲವಾಗಿ ನನ್ನ ಬೆರಳಿನ ಮೇಲೆಯೇ ಜೋತುಬಿತ್ತು. ಮರಿ ಸತ್ತಿತ್ತು.

ಪೆಟ್ಟಿಗೆಯಲ್ಲಿದ್ದದ್ದನ್ನು ಮುಟ್ಟಿದೆ. ಅದೂ ಬೆಚ್ಚಗೆ, ಅದೂ ಕೆಂಪಗೆ, ಅದೂ ಹೋಗಿತ್ತು.

ಬಿಳಿಚಿ ಸತ್ತ ಮರಿಗಳನ್ನು ಹುಟ್ಟಿದಂದಿನಿಂದ ನೋಡಿದ್ದೇನೆ. ಕೆಂಪಗೆ ಸತ್ತ ಮರಿ ನಮ್ಮ ಲೆಕ್ಕದಲ್ಲಿ ಇರಲೇಬಾರದು. ಕೆಂಪಗಿದ್ದೂ ಸತ್ತವರು ಯಾರು ಎಂದು ಆ ಮಂಕು ತಲೆ ಹುಡುಕಿತು. ಕುರ್ಚಿಯಲ್ಲಿ ಕೂತ ಇಬ್ಬರು ಅಣ್ಣತಮ್ಮಂದಿರು ಸಿಕ್ಕಿದರು. ಕೆನ್ನೆ ಅಂದರೆ ಸೇಬು.

ಹೆದರಿಕೆ ಎಂದರೇನೆಂದು ನನಗೆ ಗೊತ್ತಾದದ್ದು ಆಗ. ಅದುವರೆಗಿನದು ಬರೀ ಕಾಳಜಿ. ತೆವಳಿಕೊಂಡು ಬೆಂಚಿನ ಬಳಿ ಹೋಗಿ ಕೀವಾಳನ್ನು ಕಂಬಳಿ ಸಮೇತ ಎತ್ತಿದೆ. ಅವಳ ತಲೆ ನನ್ನ ತೋಳಿನಿಂದಾಚೆ ವಾಲಿತು.

“ಎಲ್ಲಿಗೇ?” ಅತ್ತೆ ಎದ್ದು ನಿಂತಿದ್ದರು. ಗೋಡೆ ಹಿಡಿದು ಬಂದು ಬಾಗಿಲಿಗೆ ಬೆನ್ನು ಕೊಟ್ಟರು. “ಹುಚ್ಚು ಹಿಡೀತೇನೇ ನಿಂಗೆ? ಡಾಕ್ಟ್ರು ಏನಂದಿದ್ರು? ಈ ಹಿಮದಲ್ಲಿ ಹೊರಗೆ ಒಯ್ದು ಮಗೂನ ಸಾಯಿಸ್ತೀಯಾ?”

“ಬಿಡಿ ಅತ್ತೆ. ಇಲ್ಲಿದ್ರೆ ಸಾಯ್ತಾಳೆ. ಗಿಲ್ರಾಯ್ ಮನೆ ಗಾಳಿ ಇದು.”

“ನಮ್ಮ ಚಿಮಣಿಗೆ ಯಾರೇ ಹೆಂಚು ಮುಚ್ಚಿದ್ದು? ನನ್ನ ಬೆಂಕಿ ಬಗ್ಗೆ ನಂಗೆ ಹೇಳ್ಕೊಡ್ತೀಯಾ?”

ಡಾಕ್ಟರ ಮಾತು ಅವರ ಪರವಾಗಿತ್ತು. ಹೊರಗೆ ಈಶಾನ್ಯದ ಗಾಳಿ ಬಾಗಿಲನ್ನು ನೂಕುತ್ತಿತ್ತು. ನನ್ನ ಎಣಿಕೆ ತಪ್ಪಾಗಿದ್ದರೆ ಆ ಎದೆಗೂಡು ಇನ್ನೊಂದು ರಾತ್ರಿ ತಡೆಯುತ್ತಿರಲಿಲ್ಲ. ಸರಿಯಾಗಿದ್ದರೆ ನಿಂತು ಜಗಳವಾಡಲು ಹೊತ್ತೇ ಇರಲಿಲ್ಲ. ಆ ಮುದುಕಿಯನ್ನು ನೂಕಿಬಿಡಲು ಬಲವಿರಲಿಲ್ಲ. ಕಣ್ಣ ಮುಂದೆ ಕೋಣೆ ಕುಗ್ಗುತ್ತಿತ್ತು.

“ಮರಿ ನೋಡಿ,” ಎಂದೆ. “ಎರಡೂ ಸತ್ತಿವೆ. ವಸಡು ನೋಡಿ ಅತ್ತೆ. ನಿಮ್ಮ ಕೈಯಿಂದ ನೋಡಿ.”

ಬೇರೆ ಯಾವ ಮಾತಿಗೂ ಅವರು ಬಗ್ಗುತ್ತಿರಲಿಲ್ಲ. ಆದರೆ ಮರಿ ನೋಡಿ ಎಂದರೆ ಈ ಬೆಟ್ಟದ ಹೆಂಗಸು ಸಾಯುತ್ತಿದ್ದರೂ ಬಗ್ಗಿ ನೋಡುತ್ತಾಳೆ. ಬಾಗಿಲು ಬಿಟ್ಟು ಹೋಗಿ ಬಗ್ಗಿದರು. ತುಟಿ ಎತ್ತಿದರು. ಬೆರಳಿಟ್ಟರು. ತಲೆ ಎತ್ತಿದಾಗ ಆ ಕೆಂಪು ಕೆನ್ನೆಗಳ ನಡುವೆ ಅವರ ಕಣ್ಣು ಹೆದರಿದ ಹುಡುಗಿಯ ಕಣ್ಣಾಗಿತ್ತು.

“ಹೋಗೇ,” ಎಂದರು. “ಓಡೇ!”

ಗೋಣಿಯನ್ನು ಒದ್ದು ಬಾಗಿಲೆಳೆದೆ. ಅಂಗಳದಲ್ಲಿ ಎರಡು ಸಲ ಬಿದ್ದೆ, ಮಗುವನ್ನು ಕೆಳಗೆ ಬಿಡಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ, ಹಸುವಿನ ಹೊಟ್ಟೆಯ ಮಗ್ಗುಲಲ್ಲಿ, ಹುಲ್ಲಿನ ಮೇಲೆ ಅವಳನ್ನು ಮಲಗಿಸಿ ಮುಖವನ್ನು ಗಾಳಿಗೆ ತಿರುಗಿಸಿದೆ. ಕೆನ್ನೆ ತಟ್ಟಿದೆ. ಹೆಸರು ಕೂಗಿದೆ. ಬೇರೇನೂ ತೋಚದೆ, ಮರಿಗೆ ಮಾಡುವಂತೆಯೇ, ಬೆರಳನ್ನು ಅವಳ ಬಾಯಿಗಿಟ್ಟೆ. ಬಾಯಿ ಬೆಚ್ಚಗಿತ್ತು. ದವಡೆ ಸಡಿಲವಾಗಿತ್ತು.

ಅತ್ತೆ ಹೊರಗೆ ಬಂದಿರಲಿಲ್ಲ.

ಮಗುವನ್ನು ಬಿಟ್ಟು ಏಳುವುದು ಹೇಗೆ? ಎದ್ದೆನೋ, ಯಾರಾದರೂ ಎಬ್ಬಿಸಿದರೋ ನನಗೆ ಇಂದಿಗೂ ಗೊತ್ತಿಲ್ಲ. ಬಾಯಿತುಂಬ ಗಾಳಿ ಎಳೆದುಕೊಂಡು ಒಳಗೆ ನುಗ್ಗಿದೆ. ಅತ್ತೆ ಒಲೆಯ ಮುಂದೆ ಮಂಡಿಯೂರಿ ಕೂತಿದ್ದರು. ಬೆಂಕಿಗೂಡಿನ ಬಾಗಿಲು ತೆರೆದಿತ್ತು. ಕೆಂಡ ಉಳಿಸಿಕೊಳ್ಳಲು ಕೂತಿದ್ದಾರೆ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಅವರು ಬಕೆಟ್ಟಿನ ತಣ್ಣೀರನ್ನು ಎರಡೂ ಕೈಯಲ್ಲಿ ಎತ್ತಿ ಬೆಂಕಿಯ ಮೇಲೆ ಸುರಿದರು. ಹಬೆ ಎದ್ದು ಅವರನ್ನು ನುಂಗಿತು. ಆ ಬಿಳಿಯೊಳಗೆ ಕೈಹಾಕಿ, ಸಿಕ್ಕಿದ ಸ್ವೆಟರನ್ನು ಹಿಡಿದು, ಕಲ್ಲಿನ ನೆಲದ ಮೇಲೆ ಅವರನ್ನು ಎಳೆದೆ. ಹೊಸ್ತಿಲು ದಾಟುವಾಗ ಹಿಂದೆ ಕೋವಿ ಹಾರಿದಂಥ ಸದ್ದಾಯಿತು. ಒಲೆಯ ಬೀಡುಕಬ್ಬಿಣ ಮೇಲಿನಿಂದ ಕೆಳಗೆ ಸೀಳಿತ್ತು.

ಅವರನ್ನು ಅಂಗಳದ ಕೆಸರಲ್ಲೇ ಬಿಟ್ಟು ಮಗುವಿನ ಬಳಿ ಓಡಿದೆ. ಬೆರಳನ್ನು ಮತ್ತೆ ಬಾಯಿಗಿಟ್ಟೆ. ಹಿಮದ ಹನಿಗಳು ಅವಳ ಕೆಂಪು ಕೆನ್ನೆಯ ಮೇಲೆ ಬಿದ್ದು ಕರಗುತ್ತಿದ್ದವು. ಹಸು ನಮ್ಮಿಬ್ಬರನ್ನೂ ನೋಡುತ್ತ ಮೆಲುಕು ಹಾಕುತ್ತಿತ್ತು. ದೇವರಲ್ಲಿ ಏನು ಬೇಡಿಕೊಂಡೆ ಎಂದು ಹೇಳಲಾರೆ, ಬೇಡಿಕೆಗಿಂತ ಬೆದರಿಕೆಯೇ ಹೆಚ್ಚಿತ್ತು. ಚೀಪು, ಚೀಪೇ, ಎನ್ನುತ್ತಿದ್ದೆ, ಅವಳು ಕುರಿಮರಿಯೇನೋ ಎಂಬಂತೆ.

ಕೀವಾ ಚೀಪಲಿಲ್ಲ. ಕಚ್ಚಿದಳು.

ಎಲುಬಿಗೆ ತಾಕುವಂತೆ ಕಚ್ಚಿದಳು. ಆಮೇಲೆ ಕೆಮ್ಮಿದಳು, ಆಮೇಲೆ ಬೆಟ್ಟಕ್ಕೆಲ್ಲ ಕೇಳುವಂತೆ ಅತ್ತಳು. ಆ ಅಳು ಕೇಳಿಯೇ ಫಿಂಟನ್ ಇಳಿದು ಬಂದದ್ದು. ಅವನು ನೋಡಿದ್ದು, ಕೆಸರಲ್ಲಿ ಕೂತು ವಾಂತಿ ಮಾಡುತ್ತಿದ್ದ ತಾಯಿಯನ್ನು, ಕೈಯಲ್ಲಿ ರಕ್ತ ಸುರಿಸಿಕೊಂಡು ನಗುತ್ತಿದ್ದ ಹೆಂಡತಿಯನ್ನು. ನಮಗಿಬ್ಬರಿಗೂ ತಲೆ ಕೆಟ್ಟಿದೆ ಎಂದೇ ಅವನೆಣಿಸಿದ.

ಗಾಳಿ ಇಳಿದ ಮೇಲೆ ಅವನು ಏಣಿ ಹಾಕಿ ಚಿಮಣಿಗೆ ಕೊಕ್ಕೆ ಇಳಿಸಿದ. ಕಾಗೆಗಳ ಗೂಡು, ಕಡ್ಡಿಯ ಮೇಲೆ ಕಡ್ಡಿ, ಹೊರೆ ಹೊರೆ ಬಂತು. ಒಳಗೆ ಮೆತ್ತಗೆ ಹಾಸಿದ್ದು ನಮ್ಮದೇ ಕುರಿಗಳ ಉಣ್ಣೆ, ನಾವೇ ಬಳಿದ ನೀಲಿ ಗುರುತಿನದು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ನೋಡಿದರು.

“ಅದು ನನ್ನ ಬೆಂಕಿ,” ಎಂದರು ನನಗೆ. “ಆರಿಸೋದಾದ್ರೆ ನಾನೇ ಆರಿಸ್ಬೇಕಿತ್ತು.” ಅವತ್ತಿನಿಂದ ನಾನು ಅವರಿಗೆ ಹೆದರುವುದನ್ನು ಬಿಟ್ಟೆ. ಅವರು ಸೀಳಿದ ಒಲೆಯನ್ನು ಕಂಡು ಒಂದು ಹನಿ ಕಣ್ಣೀರು ಹಾಕಲಿಲ್ಲ. ಹೊಸ ಒಲೆ ಬಂದ ದಿನ ಮಾತ್ರ, ತಂತಿಬಲೆ ಹಾಕಿಸಿ, ಬ್ರಷ್ ಆಡಿಸಿ, ತಗಡಿನ ಬಕೆಟ್ಟು ಹಿಡಿದು ಅಟ್ರ್ಯಾಕ್ಟಾಳ ಮನೆಗೆ ಹೊರಟರು. ಅಲ್ಲಿ ಅವರ ಬೆಂಕಿಯ ಪಾಲು ಇನ್ನೂ ಉಳಿದಿತ್ತಲ್ಲ.

ಒಲೆಯ ಹೆದರಿಕೆಯೂ ಹೋಗಿದೆ. ಹೋಗದೆ ಉಳಿದದ್ದು ಒಂದೇ. ಅತ್ತೆ ಈಗಿಲ್ಲ, ಕೀವಾ ಸ್ಲೈಗೋ ಪೇಟೆಯಲ್ಲಿ ಮನೆ ಮಾಡಿದ್ದಾಳೆ, ಅವಳಿಗೇ ಮಕ್ಕಳಿದ್ದಾರೆ. ಚಳಿಯಲ್ಲಿ ಬೆಟ್ಟ ಹತ್ತಿ ಬಂದು, ಒಲೆಗೆ ಬೆನ್ನು ಕೊಟ್ಟು ನಿಂತರೆ ಅವಳ ಕೆನ್ನೆ ರಂಗೇರುತ್ತದೆ. ಮೊನ್ನೆ ಭಾನುವಾರ ಅಟ್ರ್ಯಾಕ್ಟಾಳ ಸೊಸೆ ಹೊಸ್ತಿಲಲ್ಲಿ ನಿಂತು, “ಏನು ಬಣ್ಣ ಬಂದಿದೆ ನಿಮ್ಮ ಮಗಳಿಗೆ!” ಎಂದಳು, ಒಳ್ಳೆಯ ಮನಸ್ಸಿನಿಂದಲೇ. ಕೈಯಲ್ಲಿದ್ದ ಬ್ರೆಡ್ಡು ಕೆಳಗಿಟ್ಟು ಎರಡು ಹೆಜ್ಜೆ ಮುಂದೆ ಬಂದುಬಿಟ್ಟಿದ್ದೆ, ಬೆರಳು ತಾನಾಗಿಯೇ ಮೇಲೆದ್ದಿತ್ತು. ಕೀವಾ ನೋಡಿದಳು. ನೆರೆಯವಳ ಮುಂದೆ ನಗಲಿಲ್ಲ. ನನ್ನ ಕೈಯನ್ನು ಹಿಡಿದುಕೊಂಡು, ಹಳೇ ಗಾಯದ ಗುರುತಿನ ಮೇಲೆ ಹೆಬ್ಬೆರಳಾಡಿಸಿದಳು.

“ಅಮ್ಮಾ,” ಎಂದಳು ಮೆಲ್ಲಗೆ, “ಕಚ್ಲಾ?”

“ಕಚ್ಚು,” ಎಂದೆ.